‘ಏನಾದ್ರೂ ಬೇಕಿದ್ರೆ ಹೇಳು’ ಅನ್ನಬೇಡಿ

ಮನಸ್ಸು ಕುಗ್ಗಿ ಕೂತವರಿಗೆ ನಾವೆಲ್ಲ ಮೊದಲು ಹೇಳುವ ಮಾತು ಇದೇ, ಅಲ್ವಾ? ಒಳ್ಳೆಯ ಮಾತೇ, ಆದರೆ ಕೆಲಸಕ್ಕೆ ಬರುವುದಿಲ್ಲ. ಖಿನ್ನತೆ ಇರುವವರಿಗೆ ತೀರ್ಮಾನ ಮಾಡುವುದೇ ದೊಡ್ಡ ಕಷ್ಟ. ಏನು ಬೇಕು ಅಂತ ಯೋಚಿಸಿ, ಬಾಯಿಬಿಟ್ಟು ಕೇಳುವ ಕೆಲಸವನ್ನೂ ಅವರ ತಲೆಗೇ ಕಟ್ಟಿದ ಹಾಗಾಗುತ್ತದೆ.

ಖಿನ್ನತೆಯಲ್ಲಿದ್ದ ತಮ್ಮನ ಜೊತೆ ಇದ್ದು ನಾನು ಕಂಡಿದ್ದು ಇಷ್ಟು: ಪ್ರಶ್ನೆ ಸಣ್ಣದಾದಷ್ಟೂ ಉತ್ತರ ಬರುತ್ತದೆ. ‘ಹೇಗಿದ್ದೀಯೋ?’ ಅಂದರೆ ‘ಹ್ಞೂಂ, ಇದೀನಿ’, ಅಷ್ಟೇ. ‘ರಾತ್ರಿ ಎಷ್ಟು ಗಂಟೆಗೆ ಎಚ್ಚರ ಆಯ್ತು?’ ಅಂದರೆ ‘ಮೂರೂವರೆಗೆ ಅಕ್ಕ. ಆಮೇಲೆ ಸುಮ್ನೆ ಬಿದ್ಕೊಂಡಿದ್ದೆ’ ಅಂತ ಶುರುವಾಗಿ ಮಾತು ಮುಂದಕ್ಕೆ ಹೋಗುತ್ತಿತ್ತು. ಎದುರಿಗೆ ಕೂರಿಸಿಕೊಂಡು ಕೇಳಬೇಡಿ, ವಿಚಾರಣೆ ಆಗುತ್ತದೆ. ಏನೋ ಕೆಲಸ ಮಾಡುತ್ತಾ ಕೇಳಿ. ನಮ್ಮಿಬ್ಬರ ಮುಖ್ಯ ಮಾತುಗಳೆಲ್ಲ ಒಣಗಿದ ಬೆಡ್‌ಶೀಟಿನ ಆಚೆ ತುದಿ ಅವನು, ಈಚೆ ತುದಿ ನಾನು ಹಿಡಿದು ಮಡಚುವಾಗಲೇ ಆಗಿದ್ದು.

ಸಹಾಯವೂ ಹಾಗೇ. ‘ಸ್ನಾನ ಮಾಡು’ ಅನ್ನುವ ಬದಲು ‘ಬಿಸಿನೀರು ಬಿಟ್ಟಿದೀನಿ, ಟವಲ್ ಅಲ್ಲೇ ಇದೆ’ ಅನ್ನಿ. ಬೇಡ ಅಂದರೆ ಬಿಡಿ, ನಾಳೆ ಮತ್ತೆ ಕರೆಯಿರಿ. ‘ಧೈರ್ಯ ತಂದ್ಕೋ’, ‘ನಿನಗೇನು ಕಮ್ಮಿ ಆಗಿದೆ?’ ಇವೆರಡನ್ನೂ ನೆಂಟರು ಬೇಕಾದಷ್ಟು ಹೇಳಿರುತ್ತಾರೆ. ನೀವೂ ಸೇರಿಕೊಳ್ಳಬೇಡಿ.

2 ವಾರ ಆದರೂ ನಿದ್ದೆ, ಊಟ, ಆಸಕ್ತಿ ಸರಿಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ತೊಂದರೆಯಿಂದಲೂ ಹೀಗಾಗಬಹುದು, ಅದನ್ನೂ ಪರೀಕ್ಷೆ ಮಾಡಿಸಬಹುದು. ಅವರು ಒಪ್ಪಿದರೆ ಅಪಾಯಿಂಟ್‌ಮೆಂಟ್ ನೀವೇ ತೆಗೆದುಕೊಳ್ಳಿ. ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಯಾಕಂದ್ರೆ ಡಾಕ್ಟರ ಮುಂದೆ ಕೂತ ತಕ್ಷಣ ‘ಈಗ ಪರವಾಗಿಲ್ಲ’ ಅಂದುಬಿಡುತ್ತಾರೆ! ಖಿನ್ನತೆಯ ಮಾತ್ರೆಯ ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ವಾಕರಿಕೆಯಂಥ ಕಿರಿಕಿರಿ ಮಾತ್ರ ಮೊದಲೇ ಬರಬಹುದು. ‘ಇದರಿಂದ ಏನೂ ಪ್ರಯೋಜನ ಇಲ್ಲ’ ಅಂತ ಮಾತ್ರೆ ಬಿಡುವುದು ಆಗಲೇ. ಆ ದಿನಗಳಲ್ಲಿ ಹತ್ತಿರವೇ ಇರಿ. ಹುಷಾರಾದ ಮೇಲೂ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ಒಂದನ್ನು ಮಾತ್ರ ಸುತ್ತಿಬಳಸದೆ ಕೇಳಿ: ‘ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ?’ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೇ ನುಂಗಿಕೊಂಡಿದ್ದರೆ ಹೇಳಿಕೊಳ್ಳಲು ಒಂದು ದಾರಿ ಸಿಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಮಾತ್ರೆ, ವಿಷದ ಡಬ್ಬಿ ಕೈಗೆ ಸಿಗದಂತೆ ಇಡಿ. ಆಗಲೇ ಡಾಕ್ಟರಿಗೋ ಸಹಾಯವಾಣಿಗೋ ಫೋನ್ ಮಾಡಿ. ‘ಯಾರಿಗೂ ಹೇಳ್ಬೇಡ’ ಅಂದರೆ, ಈ ಒಂದು ವಿಷಯದಲ್ಲಿ ಮಾತು ಕೊಡಬೇಡಿ.

ಇನ್ನು, ಎಲ್ಲವನ್ನೂ ನೀವೊಬ್ಬರೇ ಹೊತ್ತುಕೊಂಡರೆ ನಿಮ್ಮ ಸಿಟ್ಟು ಖಿನ್ನತೆ ಇರುವವರ ಮೇಲೇ ತಿರುಗುತ್ತದೆ. ಪಾಳಿ ಹಾಕಿಕೊಳ್ಳಿ. ಭಾನುವಾರ ಮಧ್ಯಾಹ್ನ ತಂಗಿಗೆ ವಹಿಸಿ ನಾನು ಫೋನ್ ಆಫ್ ಮಾಡಿ ಮಲಗುತ್ತಿದ್ದೆ. ಮನೆಯಲ್ಲಿ ಇನ್ನೊಬ್ಬರು ಇಲ್ಲದಿದ್ದರೆ ಅವರನ್ನೇ ಕೇಳಿ, ‘ನಿನ್ನ ಸ್ನೇಹಿತರಲ್ಲಿ ಯಾರು ಬಂದರೆ ಪರವಾಗಿಲ್ಲ?’ ಅಂತ. ಹೇಳಿದ ಹೆಸರಿಗೆ ಫೋನ್ ಮಾಡುವುದು ನಿಮ್ಮ ಕೆಲಸ.