ಮೂರು ಸಾವಿರ ಮದುವೆ ಫೋಟೋ: ಎಡಿಟಿಂಗ್ ಬೇಗ ಮುಗಿಸುವುದನ್ನು ನಾನು ಕಲಿತ ಬಗೆ

ತಿಪಟೂರಿನ ಒಂದು ಸ್ಟುಡಿಯೋದಲ್ಲಿ ನಾನು ಕೆಲಸಕ್ಕೆ ಸೇರಿದ್ದು 2015ರಲ್ಲಿ. ಮೊದಲ ಮದುವೆ ಸೀಸನ್‌ನಲ್ಲೇ ಎರಡು ದಿನದ ಮದುವೆಯ 3,000 ಫೋಟೋ ನನ್ನ ಕೈಗೆ ಬಂತು. ಆಲ್ಬಮ್‌ಗೆ ಬೇಕಾಗಿದ್ದು ಸುಮಾರು 300. ನಾನು ಮೊದಲ ಫೋಟೋ ತೆರೆದೆ. ಬಣ್ಣ ಸರಿ ಮಾಡಿದೆ, ಮುಖದ ಕಲೆ ತೆಗೆದೆ, ಸೇವ್ ಮಾಡಿದೆ. ಆಮೇಲೆ ಎರಡನೆಯದು. ಸಂಜೆ ಹೊತ್ತಿಗೆ ನಲವತ್ತು ಮುಗಿದಿತ್ತು. ಅದರಲ್ಲಿ ಅರ್ಧಕ್ಕರ್ಧ ಆಲ್ಬಮ್‌ಗೆ ಬೇಡವೇ ಬೇಡದ ಫೋಟೋಗಳು.

"ಕಂಪ್ಯೂಟರ್ ತುಂಬಾ ಸ್ಲೋ ಅಣ್ಣ" ಅಂದೆ. ಸ್ಟುಡಿಯೋ ಅಣ್ಣ ನನ್ನ ಹಿಂದೆ ಹತ್ತು ನಿಮಿಷ ನಿಂತು ನೋಡಿದರು. "ಕಂಪ್ಯೂಟರ್ ಕಾಯ್ತಾ ಕೂತಿದೆ ಕಣಮ್ಮ. ಒಂದೇ ವಿಷಯಾನ ನೀನು ನಲವತ್ತು ಸಲ ಯೋಚನೆ ಮಾಡ್ತಿದ್ದೀಯ" ಅಂದರು. ಈಗ ನಾನು ಕೆಲಸ ಮಾಡುವ ಕ್ರಮವೆಲ್ಲ ಆ ಮಾತಿನಿಂದ ಹುಟ್ಟಿದ್ದು. ಹೊಸದಾಗಿ ಎಡಿಟಿಂಗ್ ಕಲಿಯುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಆಯ್ಕೆ. ಎಡಿಟಿಂಗ್ ಆಮೇಲೆ. ಆಯ್ಕೆ ಮುಗಿಯುವವರೆಗೆ ಒಂದೇ ಒಂದು ಸ್ಲೈಡರ್ ಕೂಡ ಮುಟ್ಟುವುದಿಲ್ಲ. ಫೋಟೋ ಆರಿಸಿ ಬಣ್ಣ ಸರಿ ಮಾಡುವ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ಫೋಟೋ ಬೇಕಿದ್ದರೆ ಪಿ, ಬೇಡದಿದ್ದರೆ ಎಕ್ಸ್ ಒತ್ತಿದರೆ ಸಾಕು. ಕ್ಯಾಪ್ಸ್ ಲಾಕ್ ಆನ್ ಮಾಡಿಟ್ಟರೆ, ಒತ್ತಿದ ತಕ್ಷಣ ಅದು ತಾನೇ ಮುಂದಿನ ಫೋಟೋಗೆ ಹೋಗುತ್ತದೆ. ಇದು ಚಿಕ್ಕ ವಿಷಯ ಅನ್ನಿಸಬಹುದು, ಲೆಕ್ಕ ಹಾಕಿ ನೋಡಿ. ಒಂದು ಫೋಟೋಗೆ ಹತ್ತು ಸೆಕೆಂಡ್ ಅಂದರೆ 3,000 ಫೋಟೋಗೆ ಎಂಟು ಗಂಟೆಗೂ ಜಾಸ್ತಿ. ಎರಡು ಸೆಕೆಂಡ್ ಅಂದರೆ ನೂರು ನಿಮಿಷ.

ಎರಡು ಸೆಕೆಂಡ್‌ನಲ್ಲಿ ಹೇಗೆ ತೀರ್ಮಾನ ಮಾಡೋದು ಅಂತ ಕೇಳುತ್ತಾರೆ. ಮೊದಲ ಸುತ್ತಿನಲ್ಲಿ ನಾನು "ಇದು ಚೆನ್ನಾಗಿದೆಯಾ" ಅಂತ ಕೇಳಿಕೊಳ್ಳುವುದೇ ಇಲ್ಲ. ಕೆಟ್ಟದ್ದನ್ನು ಮಾತ್ರ ಹುಡುಕುತ್ತೇನೆ: ಕಣ್ಣು ಮುಚ್ಚಿದ್ದು, ಅಲುಗಿದ್ದು, ಅಡ್ಡ ಯಾರೋ ಬಂದಿದ್ದು. ಅವಕ್ಕೆ ಎಕ್ಸ್. ಎರಡನೇ ಸುತ್ತಿನಲ್ಲಿ, ಒಂದೇ ಥರದ ನಾಲ್ಕೈದು ಫೋಟೋಗಳನ್ನು ಸೆಲೆಕ್ಟ್ ಮಾಡಿ ಎನ್ ಒತ್ತುತ್ತೇನೆ. ಎಲ್ಲ ಅಕ್ಕಪಕ್ಕ ಕಾಣಿಸುತ್ತವೆ. ಆಗ ಒಳ್ಳೆಯದು ಯಾವುದು ಅಂತ ಕಣ್ಣೇ ಹೇಳುತ್ತದೆ. ಮಾಂಗಲ್ಯಧಾರಣೆ ಹೊತ್ತಿನ ಫೋಟೋಗಳಲ್ಲಿ ಮಾತ್ರ ನಾನು ಆತುರ ಮಾಡುವುದಿಲ್ಲ. ಗಂಡು ಹೆಣ್ಣಿನ ಮುಖವಷ್ಟೇ ಅಲ್ಲ, ಹಿಂದೆ ಅಕ್ಷತೆ ಹಿಡಿದು ನಿಂತ ಅಪ್ಪ ಅಮ್ಮನ ಮುಖವನ್ನೂ ನೋಡುತ್ತೇನೆ. ಎಷ್ಟೋ ಸಲ ಆ ಫೋಟೋದ ಜೀವ ಅಲ್ಲೇ ಇರುತ್ತದೆ. ಎಕ್ಸ್ ಹಾಕಿದ್ದನ್ನು ಆಲ್ಬಮ್ ಮನೆಗೆ ಹೋಗುವವರೆಗೂ ಡಿಲೀಟ್ ಮಾಡುವುದಿಲ್ಲ. "ನಮ್ಮ ಚಿಕ್ಕಪ್ಪನ ಫೋಟೋ ಒಂದೂ ಇಲ್ವಲ್ಲ" ಅಂತ ಫೋನ್ ಬಂದೇ ಬರುತ್ತದೆ.

ಇಬ್ಬರು ಫೋಟೋಗ್ರಾಫರ್ ಇದ್ದರೆ ಇನ್ನೊಂದು ಕೆಲಸವಿದೆ. ಎರಡು ಕ್ಯಾಮೆರಾದ ಗಡಿಯಾರ ಒಂದೇ ಸಮಯ ತೋರಿಸುವುದು ಅಪರೂಪ. ಹಾಗೇ ಬಿಟ್ಟರೆ ಧಾರೆ ನಡುವೆ ಊಟದ ಫೋಟೋ ಬಂದು ಕೂರುತ್ತದೆ. ಎರಡೂ ಕ್ಯಾಮೆರಾದಲ್ಲಿ ಬಿದ್ದಿರುವ ಒಂದೇ ಕ್ಷಣ ಹುಡುಕಿ, ಎಷ್ಟು ನಿಮಿಷದ ವ್ಯತ್ಯಾಸ ಅಂತ ನೋಡಿ, ಮೆಟಾಡೇಟಾ ಮೆನುವಿನ ಎಡಿಟ್ ಕ್ಯಾಪ್ಚರ್ ಟೈಮ್‌ನಲ್ಲಿ ಒಂದು ಕ್ಯಾಮೆರಾದ ಎಲ್ಲ ಫೋಟೋಗಳನ್ನೂ ಒಟ್ಟಿಗೆ ಸರಿಸಿಬಿಡಿ. ಇದನ್ನು ಆಯ್ಕೆಗೂ ಮುಂಚೆ ಮಾಡಬೇಕು.

ಇನ್ನು ಬಣ್ಣ. ನನ್ನ ಸಮಯ ಅತಿ ಹೆಚ್ಚು ಉಳಿದದ್ದು ಇಲ್ಲಿ. ಫೋಟೋಗಳನ್ನು ಶಾಸ್ತ್ರದ ಪ್ರಕಾರ ಅಲ್ಲ, ಬೆಳಕಿನ ಪ್ರಕಾರ ಗುಂಪು ಮಾಡುತ್ತೇನೆ. ಮನೆ ಮುಂದಿನ ಚಪ್ಪರದಲ್ಲಿ ತೆಗೆದದ್ದಕ್ಕೆಲ್ಲ ತೆಂಗಿನ ಗರಿಯ ಹಸಿರು ಛಾಯೆ ಇರುತ್ತದೆ. ಕೆಂಪು ಶಾಮಿಯಾನದ ಕೆಳಗೆ ತೆಗೆದರೆ ಮುಖವೆಲ್ಲ ಕೆಂಪು. ರಿಸೆಪ್ಷನ್ ಸ್ಟೇಜ್‌ನಲ್ಲಿ ನೇರಳೆ ಎಲ್‌ಇಡಿ. ಊಟದ ಹಾಲ್‌ನಲ್ಲಿ ಟ್ಯೂಬ್‌ಲೈಟ್. ಹೀಗೆ ಇಡೀ ಮದುವೆ ಏಳೆಂಟು ಗುಂಪಾಗುತ್ತದೆ. ಪ್ರತಿ ಗುಂಪಿನಿಂದ ಒಂದು ಫೋಟೋ ತೆಗೆದುಕೊಂಡು ಅದನ್ನು ಸಮಾಧಾನವಾಗಿ, ಮನಸ್ಸಿಟ್ಟು ಸರಿ ಮಾಡುತ್ತೇನೆ. ಆಮೇಲೆ ಆ ಗುಂಪಿನ ಉಳಿದವನ್ನೂ ಸೆಲೆಕ್ಟ್ ಮಾಡಿ ಸಿಂಕ್, ಅಂದರೆ ಅದೇ ಬದಲಾವಣೆ ಎಲ್ಲಕ್ಕೂ ನಕಲು. 300 ಫೋಟೋದ ಬಣ್ಣದ ತೀರ್ಮಾನ ಎಂಟೇ ಸಲಕ್ಕೆ ಮುಗಿಯಿತು, ಅಲ್ವಾ?

ಸಿಂಕ್ ಮಾಡುವಾಗ ಕ್ರಾಪ್ ಮತ್ತು ಮಾಸ್ಕ್‌ಗಳ (ಫೋಟೋದ ಒಂದು ಭಾಗಕ್ಕೆ ಮಾತ್ರ ಮಾಡಿದ ತಿದ್ದುಪಡಿ) ಟಿಕ್ ತೆಗೆಯಿರಿ. ಒಂದು ಫೋಟೋದ ಮುಖಕ್ಕೆ ಹಚ್ಚಿದ ಬ್ರಷ್ ಇನ್ನೊಂದರಲ್ಲಿ ಹೂವಿನ ಹಾರದ ಮೇಲೆ ಬೀಳುತ್ತದೆ. ಆಟೋ ಸಿಂಕ್ ಅನ್ನುವ ಸ್ವಿಚ್ ಆನ್ ಇದೆಯಾ ಅಂತಲೂ ನೋಡಿಕೊಳ್ಳಿ. ಅದು ಆನ್ ಇದ್ದರೆ ನೀವು ಒಂದಕ್ಕೆ ಮಾಡಿದ್ದು ಸೆಲೆಕ್ಟ್ ಆಗಿರುವ ಎಲ್ಲಕ್ಕೂ ಆಗುತ್ತದೆ.

ಬೆಳಕಿನ ಬಣ್ಣದ ಛಾಯೆ ತೆಗೆಯುವ ವೈಟ್ ಬ್ಯಾಲೆನ್ಸ್ ಡ್ರಾಪರ್ ಬಗ್ಗೆ ಒಂದು ಮಾತು. ಬಿಳಿ ಕಂಡ ಕಡೆ ಕ್ಲಿಕ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಮದುಮಗನ ರೇಷ್ಮೆ ಪಂಚೆ ಮೇಲೆ ಮಾತ್ರ ಕ್ಲಿಕ್ ಮಾಡಬೇಡಿ. ಅದು ಬಿಳಿ ಅಲ್ಲ, ಕೆನೆ ಬಣ್ಣ. ಸಾಫ್ಟ್‌ವೇರ್ ಅದನ್ನೇ ಬಿಳಿ ಅಂದುಕೊಂಡು ಇಡೀ ಫೋಟೋಗೆ ನೀಲಿ ಸೇರಿಸುತ್ತದೆ. ನಾನು ಯಾರಾದರೂ ತೊಟ್ಟಿರುವ ಬಿಳಿ ಕಾಟನ್ ಅಂಗಿ ಹುಡುಕುತ್ತೇನೆ. ಅದರಲ್ಲೂ ಬೆಳಕು ಪೂರ್ತಿ ಹೊಡೆದು ವಿವರವೇ ಹೋಗಿರುವ ಜಾಗ ಬಿಟ್ಟು, ಸ್ವಲ್ಪ ಬೂದು ಕಾಣುವ ಮಡಿಕೆ ನೋಡಿ ಕ್ಲಿಕ್ ಮಾಡುತ್ತೇನೆ.

ಅರಿಶಿನ ಶಾಸ್ತ್ರದ ಫೋಟೋಗಳು ನನಗೆ ತುಂಬಾ ಇಷ್ಟ, ತುಂಬಾ ಕಷ್ಟವೂ ಹೌದು. ಹಳದಿ ಸೀರೆ, ಹಳದಿ ಹೂವು, ಕೆನ್ನೆ ಮೇಲೆ ಅರಿಶಿನ. ಆ ಹಳದಿಯೆಲ್ಲ ಕೆಳಗಿನಿಂದ ಚಿಮ್ಮಿ ಗಲ್ಲ, ಕುತ್ತಿಗೆ ಮೇಲೆ ಬೀಳುತ್ತದೆ. ಮೊದಮೊದಲು ನಾನು ಹಳದಿಯ ಸ್ಯಾಚುರೇಷನ್ (ಬಣ್ಣದ ಗಾಢತೆ) ಒಟ್ಟಿಗೇ ಇಳಿಸುತ್ತಿದ್ದೆ. ಚರ್ಮ ಸರಿಹೋಗುತ್ತಿತ್ತು, ಅರಿಶಿನ ಕಳೆಗುಂದುತ್ತಿತ್ತು. ಅರಿಶಿನವೇ ಇಲ್ಲದ ಮೇಲೆ ಅದು ಯಾವ ಅರಿಶಿನ ಶಾಸ್ತ್ರ? ಈಗ ಗಲ್ಲ, ಕುತ್ತಿಗೆಗೆ ಮಾತ್ರ ಮಾಸ್ಕ್ ಹಾಕಿ ಅಲ್ಲಷ್ಟೇ ಹಳದಿ ಇಳಿಸುತ್ತೇನೆ. ಕೆನ್ನೆಗೆ ಹಚ್ಚಿದ್ದು ಹಾಗೇ ಹೊಳೆಯುತ್ತದೆ.

ಇದರ ಜೊತೆಗೇ ಇನ್ನೊಂದು ಹೇಳಲೇಬೇಕು. "ಮಗಳನ್ನ ಸ್ವಲ್ಪ ಬೆಳ್ಳಗೆ ಮಾಡಿಕೊಡಮ್ಮ" ಅಂತ ಕೇಳುವವರು ಈಗಲೂ ಇದ್ದಾರೆ. ನಾನು ಮಾಡುವುದಿಲ್ಲ. ಎಣ್ಣೆಗೆಂಪು ಮೈಬಣ್ಣವನ್ನು ಅದರ ಹೊಳಪು ಉಳಿಸಿ ಪ್ರಿಂಟ್‌ಗೆ ತರುವುದೇ ನಿಜವಾದ ಕೆಲಸ. ಬೆಳಕು ಕಡಿಮೆ ಇದ್ದರೆ ಬೆಳಕು ಕೊಡುತ್ತೇನೆ, ಬಣ್ಣ ಬದಲಿಸುವುದಿಲ್ಲ. ಒಂದು ಪ್ರಿಂಟ್ ಹಾಕಿ ತೋರಿಸಿದ ಮೇಲೆ ಹೆಚ್ಚಿನವರು ಒಪ್ಪಿಕೊಳ್ಳುತ್ತಾರೆ.

ಫೋಟೋಶಾಪ್‌ಗೆ ನಾನು ಕಳಿಸುವುದು ಮೂವತ್ತು ನಲವತ್ತು ಫೋಟೋ ಅಷ್ಟೇ. ಅಲ್ಲಿ ನನ್ನ ನಿಯಮ ಒಂದೇ: ಕೆಳಗಿನ ಮೂಲ ಲೇಯರ್ ಮುಟ್ಟಬಾರದು. ಲೇಯರ್ ಅಂದರೆ ಒಂದರ ಮೇಲೊಂದು ಹಾಸಿದ ಪಾರದರ್ಶಕ ಹಾಳೆಯ ಹಾಗೆ. ಕಲೆ ತೆಗೆಯಲು ಮೇಲೆ ಒಂದು ಖಾಲಿ ಲೇಯರ್ ಹಾಕಿ, ಹೀಲಿಂಗ್ ಬ್ರಷ್‌ನಲ್ಲಿ ಸ್ಯಾಂಪಲ್ ಅನ್ನುವ ಕಡೆ ಕರೆಂಟ್ ಆಂಡ್ ಬಿಲೋ ಆರಿಸಿಕೊಳ್ಳಿ. ಜಾಸ್ತಿ ಆಯಿತು ಅನ್ನಿಸಿದರೆ ಆ ಲೇಯರ್‌ನ ಒಪ್ಯಾಸಿಟಿ (ಅದು ಎಷ್ಟು ಗಾಢವಾಗಿ ಕಾಣಬೇಕು ಅನ್ನುವುದು) 70 ಪರ್ಸೆಂಟ್‌ಗೆ ಇಳಿಸಿ. ಮುಖ ಮತ್ತೆ ಮನುಷ್ಯರ ಮುಖದಂತೆ ಕಾಣುತ್ತದೆ. ಬಣ್ಣ, ಬೆಳಕಿಗೆ ಅಡ್ಜಸ್ಟ್‌ಮೆಂಟ್ ಲೇಯರ್, ಬೇಡದ ಜಾಗಕ್ಕೆ ಅದರ ಮಾಸ್ಕ್. ಮಾಸ್ಕ್‌ನಲ್ಲಿ ಕಪ್ಪು ಮರೆಮಾಡುತ್ತದೆ, ಬಿಳಿ ತೋರಿಸುತ್ತದೆ. ಇರೇಸರ್ ಅನ್ನು ಮರೆತುಬಿಡಿ.

ಈ ನಿಯಮ ನನಗೆ ಹೇಗೆ ಬಂತು ಅಂತಲೂ ಹೇಳುತ್ತೇನೆ. ಮೊದಲ ವರ್ಷ ಒಂದು ಕುಟುಂಬದ ಗ್ರೂಪ್ ಫೋಟೋವನ್ನು ವಾಟ್ಸಾಪ್‌ಗೆ ಕಳಿಸಲು ಅಗಲ 1,200 ಪಿಕ್ಸೆಲ್‌ಗೆ ಇಳಿಸಿದೆ. ಅಭ್ಯಾಸಬಲದಿಂದ ಕಂಟ್ರೋಲ್ ಎಸ್ ಒತ್ತಿದೆ. ಮೂಲ ಜೆಪೆಗ್ ಮೇಲೆಯೇ ಸೇವ್ ಆಯಿತು. ಕ್ಯಾಮೆರಾದ ಮೆಮೊರಿ ಕಾರ್ಡ್ ಆಗಲೇ ಫಾರ್ಮ್ಯಾಟ್ ಆಗಿ ಖಾಲಿಯಾಗಿತ್ತು. ವಾರದ ಮೇಲೆ ಅವರು ಅದೇ ಫೋಟೋವನ್ನು 12x18 ಇಂಚಿನಲ್ಲಿ ಕೇಳಿದರು. 18 ಇಂಚಿಗೆ 1,200 ಪಿಕ್ಸೆಲ್ ಅಂದರೆ ಇಂಚಿಗೆ 67 ಕೂಡ ಇಲ್ಲ, ಬೇಕಾಗಿದ್ದು 300. ನಡುವೆ ಕೂತಿದ್ದ ಅಜ್ಜಿಯ ಮುಖ ಚೌಕ ಚೌಕವಾಗಿ ಒಡೆದಿತ್ತು. ಆ ಮನೆಯವರ ಮುಂದೆ ನಿಂತು ತಪ್ಪು ಒಪ್ಪಿಕೊಂಡ ದಿನ ನನಗಿನ್ನೂ ನೆನಪಿದೆ. ಅಂದಿನಿಂದ ಕಾರ್ಡ್‌ನಿಂದ ಇಳಿಸಿದ ಫೋಟೋ ಎರಡು ಹಾರ್ಡ್‌ಡಿಸ್ಕ್‌ನಲ್ಲಿ ಇರುತ್ತದೆ. ಕಳಿಸುವ ಫೋಟೋಗಳಿಗೆ ಬೇರೆ ಫೋಲ್ಡರ್, ಎಕ್ಸ್‌ಪೋರ್ಟ್‌ನಿಂದ ಮಾತ್ರ.

ಕೀಗಳನ್ನು ಒಂದೇ ದಿನ ಕಲಿಯಲು ಹೋಗಬೇಡಿ. ನಾನು ವಾರಕ್ಕೆ ಮೂರು ಕೀ ಬರೆದು ಮಾನಿಟರ್ ಅಂಚಿಗೆ ಅಂಟಿಸಿಕೊಳ್ಳುತ್ತಿದ್ದೆ. ಫೋಟೋಶಾಪ್‌ನಲ್ಲಿ ಮೊದಲ ವಾರ: ಬ್ರಷ್‌ಗೆ ಬಿ, ಅದರ ಗಾತ್ರಕ್ಕೆ ಚೌಕ ಬ್ರಾಕೆಟ್‌ಗಳು, ಕಪ್ಪು ಬಿಳುಪು ಅದಲು ಬದಲಿಗೆ ಎಕ್ಸ್. ಎಡಗೈ ಕೀಬೋರ್ಡ್ ಬಿಟ್ಟು ಏಳಬಾರದು, ಬಲಗೈ ಮೌಸ್ ಬಿಡಬಾರದು. ಒಂದು ತಿಂಗಳಲ್ಲಿ ಮೆನು ಹುಡುಕುವುದು ನಿಂತೇ ಹೋಗುತ್ತದೆ. ಪಾಸ್‌ಪೋರ್ಟ್ ಫೋಟೋದಂಥ ದಿನಾ ಬರುವ ಕೆಲಸಕ್ಕೆ ಆಕ್ಷನ್ (ಒಮ್ಮೆ ಮಾಡಿದ ಹೆಜ್ಜೆಗಳನ್ನು ಮತ್ತೆ ತಾನೇ ಮಾಡುವ ಸೌಲಭ್ಯ) ರೆಕಾರ್ಡ್ ಮಾಡಿ ಎಫ್2 ಕೀಗೆ ಕೊಟ್ಟಿದ್ದೇನೆ. 35x45 ಮಿಲಿಮೀಟರ್‌ನ ಫೋಟೋ 4x6 ಇಂಚಿನ ಹಾಳೆಯಲ್ಲಿ ಎಂಟು ಕೂರುತ್ತದೆ. ಮುಖ ಕ್ರಾಪ್ ಮಾಡಿ ಎಫ್2 ಒತ್ತಿದರೆ ಹಾಳೆ ತಯಾರು.

ಹೊಸಬರ ಸಮಯ ತಿನ್ನುವ ಇನ್ನೊಂದು ವಿಷಯ ಝೂಮ್. 300 ಪರ್ಸೆಂಟ್‌ಗೆ ಹೋಗಿ ಚರ್ಮದ ಒಂದೊಂದೇ ರಂಧ್ರ ಸರಿ ಮಾಡುತ್ತಾ ಕೂರುತ್ತಾರೆ. 24 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್. ಆಲ್ಬಮ್ ಶೀಟ್ ಇಂಚಿಗೆ 300. ಹಾಗಾಗಿ ಸುಮಾರು 30 ಪರ್ಸೆಂಟ್‌ನಲ್ಲಿ ಕಾಣುವುದೇ ಪ್ರಿಂಟ್‌ನ ನಿಜವಾದ ಅಳತೆ. ಕಲೆ ತೆಗೆಯಲು 100ಕ್ಕೆ ಹೋಗುತ್ತೇನೆ. ತೀರ್ಮಾನ ಮಾಡುವುದು 30ಕ್ಕೆ ಬಂದು. ಅಲ್ಲಿ ಕಾಣದ ಕಲೆ ಆಲ್ಬಮ್‌ನಲ್ಲೂ ಕಾಣುವುದಿಲ್ಲ.

ತಿಂಗಳ ಬಾಡಿಗೆ ಕಟ್ಟುವ ಸಾಫ್ಟ್‌ವೇರ್ ಬೇಡ ಅನ್ನುವವರಿಗೆ ಲೈಟ್‌ರೂಮ್ ಬದಲಿಗೆ ಡಾರ್ಕ್‌ಟೇಬಲ್, ಫೋಟೋಶಾಪ್ ಬದಲಿಗೆ ಗಿಂಪ್ ಇವೆ, ಎರಡೂ ಉಚಿತ. ಡಾರ್ಕ್‌ಟೇಬಲ್ ಮೂಲ ಫೈಲನ್ನು ಮುಟ್ಟುವುದೇ ಇಲ್ಲ, ನೀವು ಮಾಡಿದ್ದನ್ನು ಪಕ್ಕದ ಪುಟ್ಟ ಫೈಲ್‌ನಲ್ಲಿ ಬರೆದಿಡುತ್ತದೆ. 2025ರಲ್ಲಿ ಬಂದ ಗಿಂಪ್ 3.0ರಲ್ಲಿ ಫಿಲ್ಟರ್ ಹಾಕಿದ ಮೇಲೂ ಅದನ್ನು ಬದಲಿಸಬಹುದು, ತೆಗೆಯಬಹುದು. ಕೀಗಳು ಬೇರೆ ಇರಬಹುದು, ಕೆಲಸದ ಕ್ರಮ ಇದೇ.

ಹೋದ ತಿಂಗಳು ಸ್ಟುಡಿಯೋಗೆ ಹೊಸ ಹುಡುಗಿಯೊಬ್ಬಳು ಸೇರಿದ್ದಾಳೆ. ಬಂದ ದಿನವೇ "ಅಕ್ಕಾ, ಫೋಟೋಶಾಪ್ ಯಾವಾಗ ಹೇಳಿಕೊಡ್ತೀರಾ?" ಅಂದಳು. ಹಳೆಯ ಮದುವೆಯೊಂದರ ಫೋಲ್ಡರ್ ತೆರೆದು, ಕ್ಯಾಪ್ಸ್ ಲಾಕ್ ಆನ್ ಮಾಡಿ, ಎಕ್ಸ್ ಕೀ ತೋರಿಸಿದೆ. ಮೊದಲ ದಿನ ಐನೂರು ಫೋಟೋಗೆ ಮೂರು ಗಂಟೆ ತೆಗೆದುಕೊಂಡಳು. ನಿನ್ನೆ ಅಷ್ಟೇ ಫೋಟೋ ಅರ್ಧ ಗಂಟೆಯಲ್ಲಿ ಮುಗಿಸಿದಳು. ಬರುವ ಸೋಮವಾರ ಅವಳಿಗೆ ವೈಟ್ ಬ್ಯಾಲೆನ್ಸ್ ಶುರು ಮಾಡುತ್ತೇನೆ, ರೇಷ್ಮೆ ಪಂಚೆಯಿಂದಲೇ.