ಐಡಲ್‌ನಲ್ಲಿ +19%: ಫ್ಯುಯೆಲ್ ಟ್ರಿಮ್ ಸರಿಪಡಿಸಿದ ನನ್ನ ಅನುಭವ

ಎಂಜಿನ್‌ಗೆ ಅಗಲವಾದ ಇನ್‌ಟೇಕ್ ಪೈಪ್ ಕೂರಿಸಿದ ಮೇಲೆ ಎಚ್ಚರಿಕೆ ದೀಪ ಹೊತ್ತಿಕೊಂಡಿತು. ಕೋಡ್ ಪಿ0171, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲದು. ಗಾಳಿ ಅಳೆಯುವ ಮ್ಯಾಫ್ ಸೆನ್ಸರ್‌ನ ಟೇಬಲ್ (ಸೆನ್ಸರ್ ಸಂಕೇತವನ್ನು ಗಾಳಿಯ ಪ್ರಮಾಣಕ್ಕೆ ಬದಲಿಸುವ ಪಟ್ಟಿ) ತಿದ್ದಲು ಕೈ ತುರಿಸುತ್ತಿತ್ತು. ತಡೆದುಕೊಂಡೆ.

ಫ್ಯುಯೆಲ್ ಟ್ರಿಮ್ ಎಂದರೆ ಮಿಶ್ರಣ ಸರಿಹೋಗಲು ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ. ಶಾರ್ಟ್ ಟರ್ಮ್ (ಆ ಕ್ಷಣದ), ಲಾಂಗ್ ಟರ್ಮ್ (ಕಲಿತು ಉಳಿಸಿಕೊಂಡ) ಟ್ರಿಮ್‌ಗಳನ್ನು ಕೂಡಿಸಿದಾಗ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) +19%, 2,500 ಆರ್‌ಪಿಎಂನಲ್ಲಿ +9%. ಈ ಇಳಿಕೆಯೇ ಸುಳಿವು. ಎಲ್ಲೋ ಗಾಳಿ ಸೋರಿ ಒಳನುಗ್ಗುತ್ತಿದ್ದರೆ, ಎಂಜಿನ್ ಹೆಚ್ಚು ಗಾಳಿ ಎಳೆದಂತೆಲ್ಲ ಆ ಸೋರಿಕೆಯ ಪಾಲು ಕುಗ್ಗುತ್ತದೆ. ಹೊಗೆ ಹಾಯಿಸಿ ನೋಡಿದೆ. ಪಿಸಿವಿ ಕೊಳವೆಯ (ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಮರಳಿಸುವ ಕೊಳವೆ) ಕೆಳಮಗ್ಗುಲಲ್ಲಿ ಕೂದಲೆಳೆಯಂಥ ಸೀಳು! ಕೊಳವೆ ಬಾಗಿದಾಗಷ್ಟೇ ಅದು ಬಾಯಿ ತೆರೆಯುತ್ತಿತ್ತು. ಬಿಚ್ಚಿ ನೇರ ಹಿಡಿದರೆ ಕಣ್ಣಿಗೇ ಬೀಳದು. ಹೊಸದು ಹಾಕಿದೆ.

ಆಮೇಲೆ ಎಲ್ಲ ವೇಗದಲ್ಲೂ ಸುಮಾರು +8% ಉಳಿಯಿತು. ಹೀಗೆ ಸಮನಾಗಿ ಉಳಿದದ್ದು ಪೈಪಿನ ಕೆಲಸ: ಅಗಲ ಹೆಚ್ಚಿದಾಗ ಸೆನ್ಸರ್ ಬಳಿ ಗಾಳಿಯ ವೇಗ ತಗ್ಗಿ, ಅಳತೆ ಕಡಿಮೆ ಬರುತ್ತದೆ. ಈಗ ಟೇಬಲ್ ಮುಟ್ಟುವುದು ನ್ಯಾಯ. ಮೌಲ್ಯಗಳನ್ನು 1.08ರಿಂದ ಗುಣಿಸಿದೆ. ಪೂರ್ಣ ಥ್ರಾಟಲ್‌ನಲ್ಲಿ ಮಾತ್ರ ಟ್ರಿಮ್ ನಂಬಲಿಲ್ಲ, ಹೊಗೆಯಿಂದ ಗಾಳಿ-ಪೆಟ್ರೋಲ್ ಅನುಪಾತ ನೇರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇಟ್ಟೇ ಪರೀಕ್ಷಿಸಿದೆ.

ಹಳೆಯ ಟ್ರಿಮ್ ಅಳಿಸಿ ಓಡಿಸುತ್ತಿದ್ದೇನೆ. ಈವರೆಗೆ ±3% ದಾಟಿಲ್ಲ.