ಹಳೇ ಫ್ಲ್ಯಾಟ್ ರಿಪೇರಿ: ಮೊಸಾಯಿಕ್ ನೆಲ ಒಡೆಸಬೇಡಿ

ನಮ್ಮದು ಮಲ್ಲೇಶ್ವರದ ಫ್ಲ್ಯಾಟ್, 1980ರ ದಶಕದ್ದು. ಮೊಸಾಯಿಕ್ ನೆಲ, ತೇಗದ ಕಿಟಕಿ, ಅಡುಗೆಮನೆಯಲ್ಲಿ ಕಡಪ ಕಲ್ಲು. ಇಂಥ ಮನೆಗೆ ಬಂದ ಕಂಟ್ರಾಕ್ಟರ್ ಮೊದಲು ಹೇಳೋದೇ, ‘ಎಲ್ಲಾ ಒಡೆದು ವಿಟ್ರಿಫೈಡ್ ಟೈಲ್ಸ್ ಹಾಕಿಬಿಡೋಣ ಮೇಡಂ’ ಅಂತ. ಒಪ್ಪಬೇಡಿ.

ದುಡ್ಡು ಮೊದಲು ಗೋಡೆಯೊಳಗೆ ಹೋಗಲಿ. ಹಳೇ ವೈರಿಂಗ್‌ಗೆ ಎಷ್ಟೋ ಕಡೆ ಸರಿಯಾದ ಅರ್ಥಿಂಗೇ ಇರುವುದಿಲ್ಲ. ಗೀಸರ್‌ಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆಸಿ, ಮನೆಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಆಫ್ ಆಗುವ ಸ್ವಿಚ್) ಹಾಕಿಸಿ. ನೀರಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ಒಳಗೆ ತುಕ್ಕು ಕಟ್ಟಿರುತ್ತದೆ, ಬದಲಾಯಿಸಿ. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಆದಮೇಲೆ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಮನೆಯವರ ಸೀಲಿಂಗ್ ನೋಡಿ ಬನ್ನಿ. ಟೈಲ್ಸ್ ಆಮೇಲೆ. ಗೋಡೆ ತೆಗೆಯುವ ಆಸೆ ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಕೇಳಿ, ಮೇಸ್ತ್ರಿ ಹತ್ತಿರ ಅಲ್ಲ.

ಈಗ ನೆಲ. ಮೊಸಾಯಿಕ್ ಅಂದರೆ ಸಿಮೆಂಟಿನಲ್ಲಿ ಕೂರಿಸಿದ ಅಮೃತಶಿಲೆಯ ಚೂರುಗಳು. ಮೇಲಿನ ಪದರ ಉಜ್ಜಿದರೆ ಒಳಗಿನದು ಹೊಸದಾಗಿಯೇ ಇರುತ್ತದೆ. ಗುಂಡಿಗಳಿಗೆ ಬಿಳಿ ಸಿಮೆಂಟಿಗೆ ಬಣ್ಣ ಕಲಸಿ ತುಂಬಬೇಕು. ಮೊದಲು ಮಂಚದ ಕೆಳಗೆ ಹಚ್ಚಿ, ಒಣಗಿದ ಮೇಲೆ ಬಣ್ಣ ನೋಡಿ. ಹಸಿ ಇದ್ದಾಗ ಗಾಢವಾಗಿ ಕಾಣುತ್ತದೆ. ಹಾಲ್‌ನಲ್ಲಿ ಒಂದು ಟೈಲ್ ಒಡೆದಿದ್ದರೆ ಬೀರು ಇಡುವ ಮೂಲೆಯಿಂದ ಒಂದನ್ನು ಹುಷಾರಾಗಿ ಎಬ್ಬಿಸಿ ಇಲ್ಲಿ ಕೂರಿಸಿ. ಅಲ್ಲಿಗೆ ಯಾವುದೋ ಒಂದು ಹಾಕಿದರಾಯಿತು, ಯಾರು ನೋಡುತ್ತಾರೆ ಅಲ್ವಾ? ಪಾಲಿಶ್ ಮಾಡುವಾಗ ಕೆಸರು ನೀರು ಗೋಡೆಗೆ ಸಿಡಿಯುತ್ತದೆ, ಹಾಗಾಗಿ ಕೊನೆಯ ಕೋಟ್ ಪೇಂಟ್ ಬಾಕಿ ಇಟ್ಟುಕೊಳ್ಳಿ. ಆಮೇಲೆ ಬಾತ್‌ರೂಮ್ ಆಸಿಡ್ ಈ ನೆಲದ ಹತ್ತಿರವೂ ಬರಬಾರದು. ಅಮೃತಶಿಲೆಯನ್ನು ಅದು ತಿಂದುಹಾಕುತ್ತದೆ.

ಕಿಟಕಿಗೆ ಎಣ್ಣೆ ಪೇಂಟ್ ಕೋಟ್ ಮೇಲೆ ಕೋಟ್ ಬಿದ್ದಿರುತ್ತದೆ. ಒಂದು ಮೂಲೆ ಕೆರೆದರೆ ತೇಗದ ಎಳೆ ಕಾಣುತ್ತದೆ. ಆದರೆ ಪೇಂಟ್‌ನಲ್ಲಿ ವಿಷಕಾರಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮಿತಿ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರಲ್ಲಿ. ಅದಕ್ಕೂ ಮುಂಚಿನ ಬಣ್ಣದಲ್ಲಿ ಸೀಸ ಜಾಸ್ತಿ ಇರಬಹುದು. ಹಳೇ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ. ಪೇಂಟ್ ರಿಮೂವರ್ ಹಚ್ಚಿ ಹಸಿಯಾಗಿಯೇ ಕೆರೆಯಲಿ, ಮಾಸ್ಕ್ ಇರಲಿ, ಮಕ್ಕಳು ದೂರ ಇರಲಿ. ಚಿಲಕಗಳನ್ನು ಬಿಚ್ಚಿ, ಬಣ್ಣ ತೆಗೆದು ಹುಣಸೆಹಣ್ಣು ಹಾಕಿ ತಿಕ್ಕಿ. ಹಿತ್ತಾಳೆಯವಾದರೆ ನಿಮ್ಮ ಅದೃಷ್ಟ.

ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಮಾರುವವರು ‘ಹಳೇದನ್ನ ನಾವೇ ತಗೊಂಡು ಹೋಗ್ತೀವಿ, ಸುಮ್ನೆ ಬಿಡಿ’ ಅನ್ನುತ್ತಾರೆ. ತೇಗದ ಬೆಲೆ ಅವರಿಗೆ ಚೆನ್ನಾಗಿ ಗೊತ್ತು. ಕಿಟಕಿ ಸರಿಯಾಗಿ ಮುಚ್ಚದಿದ್ದರೆ ಬಡಗಿಯನ್ನು ಕರೆಸಿ, ಆದರೆ ಮಳೆಗಾಲದಲ್ಲಿ ಬೇಡ. ಆಗ ಮರ ಉಬ್ಬಿರುತ್ತದೆ. ಜಾಸ್ತಿ ಕೀಸಿಬಿಟ್ಟರೆ ಬೇಸಿಗೆಯಲ್ಲಿ ಸಂದಿ ಬೀಳುತ್ತದೆ.